ಶಿರೋಘಾತವೂ ದಾರಿಯ ಚಿಕಿತ್ಸೆಯೂ

ಹೆದ್ದಾರಿಯ ಮೇಲೆ ಬಿದ್ದು ತಲೆಗೆ ಪೆಟ್ಟಾದ ಮನುಷ್ಯನ ವಿಷಯದಲ್ಲಿ ನಮ್ಮ ಜನಸಾಮಾನ್ಯರೂ, ಪತ್ರಿಕೆಗಳೂ, ಅಧಿಕಾರಿವರ್ಗದವರೂ, ವೈದ್ಯರಲ್ಲಿಯೇ ಅನೇಕರೂ ಏಕಕಂಠದಿಂದ ಅನುಮೋದಿಸುತ್ತ ಬಂದಿರುವ ಸಿದ್ಧಾಂತವೊಂದಿದೆ. ಸಂಗ್ರಹಿಸಿ ಹೇಳುವುದಾದರೆ ಅದು ಇಷ್ಟು: ಗಾಯಾಳುವನ್ನು ಸಿಕ್ಕಿದ ಗಾಡಿಗೆ ಹಾಕು, ದೊಡ್ಡ ಆಸ್ಪತ್ರೆಯ ದಾರಿ ಹಿಡಿ, ನಡುವೆ ಎಲ್ಲಿಯೂ ನಿಲ್ಲಬೇಡ; ಚಿಕಿತ್ಸೆಯೆಂಬುದು ಆಸ್ಪತ್ರೆಯ ಹೊಸ್ತಿಲಿನಾಚೆ ಆರಂಭವಾಗತಕ್ಕದ್ದು, ಈಚೆಗಿರುವುದೆಲ್ಲ ಬರಿಯ ಸಾಗಣೆ. ಪೊಲೀಸರು ಚೌಕಗಳನ್ನು ತೆರವುಮಾಡಿ ‘ಝೀರೋ ಟ್ರಾಫಿಕ್’ ಒದಗಿಸಿಕೊಟ್ಟ ದಿವಸ, ಮಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಹೊರಟ ಆಂಬುಲೆನ್ಸು ಇಷ್ಟು ಗಂಟೆ ಇಷ್ಟು ನಿಮಿಷದಲ್ಲಿ ಬೆಂಗಳೂರು ಮುಟ್ಟಿತೆಂಬುದು ದೊಡ್ಡ ಅಕ್ಷರಗಳ ಸುದ್ದಿಯಾಗುತ್ತದೆ; ಚಾಲಕನ ಕೊರಳಿಗೆ ಹಾರ ಬೀಳುತ್ತದೆ. ಆ ಚಾಲಕನ ಸಾಹಸವೂ ಸದುದ್ದೇಶವೂ ವಂದನೀಯವಾದುವು. ಅವನ್ನು ಹೀಗಳೆಯುವವನು ನಾನಲ್ಲ. ಆದರೆ ಅಷ್ಟು ದೀರ್ಘವಾದ ಪ್ರಯಾಣದಲ್ಲಿ ರೋಗಿಯ ರಕ್ತದಲ್ಲಿ ಆಮ್ಲಜನಕವೆಷ್ಟಿತ್ತು, ರಕ್ತದ ಒತ್ತಡವೆಷ್ಟಿತ್ತು, ಪಕ್ಕದಲ್ಲಿ ಕುಳಿತಿದ್ದವರು ಯಾರು, ಅವರು ಏನು ಬಲ್ಲವರು ಎಂಬುದನ್ನು ಆ ಸುದ್ದಿಗಳಲ್ಲಿ ಯಾರಾದರೂ ವಿಚಾರಿಸಿದುದುಂಟೆ? ವಿಚಾರಿಸುವುದಿಲ್ಲವೆಂಬುದೇ ಈ ಸಿದ್ಧಾಂತವು ನಮ್ಮ ಮನಸ್ಸಿನಲ್ಲಿ ಎಷ್ಟು ಆಳವಾಗಿ ಬೇರೂರಿದೆಯೆಂಬುದಕ್ಕೆ ಸಾಕ್ಷಿ.

ಈ ಸಿದ್ಧಾಂತವು ತಪ್ಪೆಂದು, ಶಿರೋಘಾತಕ್ಕೆ ಒಳಗಾದ ವಯಸ್ಕರ ವಿಷಯದಲ್ಲಿಯಂತೂ ಪ್ರಾಣಹಾನಿಗೆ ಕಾರಣವಾಗುವಷ್ಟು ತಪ್ಪೆಂದು ಸಾಧಿಸುವುದು ಈ ಲೇಖನದ ಉದ್ದೇಶ. ವಿಷಯವು ಸಣ್ಣದಲ್ಲ. 2022ನೆಯ ಇಸವಿಯೊಂದರಲ್ಲಿಯೇ ಭಾರತದ ರಸ್ತೆಗಳಲ್ಲಿ ಮಡಿದವರು 1,68,491 ಮಂದಿ. ಅವರಲ್ಲಿ ನೂರಕ್ಕೆ ನಲವತ್ತನಾಲ್ಕಕ್ಕೂ ಮಿಕ್ಕವರು ದ್ವಿಚಕ್ರ ವಾಹನಗಳ ಮೇಲಿದ್ದವರು, ಎಂದರೆ ತಲೆಯೇ ಮೊದಲು ನೆಲಕ್ಕೆ ಬಡಿಯುವ ಸಂಭವವುಳ್ಳವರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಸಂಶೋಧಕರು ದಶಕಗಳಿಂದ ತೋರಿಸಿಕೊಡುತ್ತ ಬಂದಿರುವಂತೆ, ನಮ್ಮಲ್ಲಿ ಮಿದುಳಿಗೆ ಆಗುವ ಗಾಯಗಳಲ್ಲಿ ಸುಮಾರು ಶೇಕಡಾ ಅರವತ್ತು ರಸ್ತೆಯ ಅಪಘಾತಗಳಿಂದ ಉಂಟಾದುವು. ಉಳಿದುವುಗಳಲ್ಲಿ ಬಹುಪಾಲು ಮರದಿಂದ, ಮಾಳಿಗೆಯಿಂದ, ಮೆಟ್ಟಿಲಿನಿಂದ ಬಿದ್ದುದರ ಫಲ. ದುಡಿಯುವ ವಯಸ್ಸಿನ ಗಂಡಾಳು ಬಿದ್ದರೆ ಮನೆಯೇ ಬಿದ್ದಂತಾಗುವ ನಾಡಿನಲ್ಲಿ ಈ ಚರ್ಚೆಯನ್ನು ತಜ್ಞರ ಸಭೆಗೆ ಬಿಟ್ಟು ಸುಮ್ಮನಿರುವುದು ಸರಿಯಲ್ಲ.

ಖಂಡನೆಗೆ ತೊಡಗುವವನು ಮೊದಲು ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ಮಂಡಿಸತಕ್ಕದ್ದೆಂಬುದು ನಮ್ಮ ಶಾಸ್ತ್ರಕಾರರು ಹಾಕಿಕೊಟ್ಟ ಮರ್ಯಾದೆ. ಅದನ್ನು ಮೀರದೆ ಎದುರುಪಕ್ಷದವರ ಮಾತನ್ನು ಮೊದಲು ಕೇಳೋಣ. ಅವರಿಗೆ ಮೂರು ಆಧಾರಗಳಿವೆ. ಒಂದನೆಯದು, ಲೋಕಪ್ರಸಿದ್ಧವಾದ ‘ಗೋಲ್ಡನ್ ಅವರ್’ ಎಂಬ, ಎಂದರೆ ಗಾಯವಾದ ಮೊದಲ ಗಂಟೆಯೊಳಗೆ ಚಿಕಿತ್ಸೆ ದೊರೆತರೆ ಬದುಕುವ ಸಂಭವ ಹೆಚ್ಚೆಂಬ, ಕಲ್ಪನೆ: ಅಮೆರಿಕೆಯ ಬಾಲ್ಟಿಮೋರಿನ ಶಸ್ತ್ರವೈದ್ಯ ಆರ್. ಆಡಮ್ಸ್ ಕೌಲಿಯವರಿಂದ ಪ್ರಚಾರಕ್ಕೆ ಬಂದ ಈ ಮಾತು 2019ರಲ್ಲಿ ತಿದ್ದುಪಡಿಯಾದ ನಮ್ಮ ಮೋಟಾರು ವಾಹನ ಕಾಯಿದೆಯಲ್ಲಿಯೂ ವ್ಯಾಖ್ಯೆಯಾಗಿ ಸೇರಿಕೊಂಡಿದೆ. ಎರಡನೆಯದು, ಮಿದುಳಿನ ಹೊದಿಕೆಯಡಿಯಲ್ಲಿ ರಕ್ತ ಹೆಪ್ಪುಗಟ್ಟಿದಾಗ ಅದನ್ನು ತೆಗೆಯಬಲ್ಲವನು ಶಸ್ತ್ರವೈದ್ಯನೊಬ್ಬನೇ ಎಂಬುದು. 1981ರಲ್ಲಿ ರಿಚ್‌ಮಂಡಿನ ವೈದ್ಯರು ಇಂತಹ 82 ಮಂದಿ ರೋಗಿಗಳನ್ನು ಪರಿಶೀಲಿಸಿ, ನಾಲ್ಕು ಗಂಟೆಗಳೊಳಗೆ ಶಸ್ತ್ರಚಿಕಿತ್ಸೆಯಾದವರಲ್ಲಿ ಶೇಕಡಾ 30ರಷ್ಟೂ ತಡವಾದವರಲ್ಲಿ ಶೇಕಡಾ 90ರಷ್ಟೂ ಮರಣ ಸಂಭವಿಸಿತೆಂದು ವರದಿಮಾಡಿದುದು ಪ್ರಸಿದ್ಧವಾಗಿದೆ. ಮೂರನೆಯದು, ರಸ್ತೆಯಲ್ಲಿ ನಿಂತು ಚಿಕಿತ್ಸೆ ಮಾಡುವುದಕ್ಕೆ ನಮ್ಮಂತಹ ಬಡದೇಶದಲ್ಲಿ ಜನರೂ ಇಲ್ಲ, ಸಾಮಗ್ರಿಯೂ ಇಲ್ಲ, ಆದಕಾರಣ ಓಡುವುದೊಂದೇ ಉಳಿದಿರುವ ಮಾರ್ಗವೆಂಬ ವಾದ. ಈ ಮೂರೂ ತಳ್ಳಿಹಾಕತಕ್ಕ ಮಾತುಗಳಲ್ಲ. ಪ್ರತಿಯೊಂದನ್ನೂ ತೂಗಿ ನೋಡಬೇಕು.

ಮೊದಲನೆಯದನ್ನು ತೆಗೆದುಕೊಳ್ಳೋಣ. ಆ ಮೊದಲ ಗಂಟೆಯ ಮಾತು ಯಾವ ಪ್ರಮಾಣದ ಮೇಲೆ ನಿಂತಿದೆಯೆಂದು 2001ರಲ್ಲಿ ಅಮೆರಿಕೆಯ ಇಬ್ಬರು ಸಂಶೋಧಕರು ಗ್ರಂಥಗಳನ್ನೆಲ್ಲ ಶೋಧಿಸಿ ನೋಡಿದಾಗ, ಅದಕ್ಕೆ ತಕ್ಕ ಆಧಾರವೆಲ್ಲಿಯೂ ಅವರಿಗೆ ದೊರೆಯಲಿಲ್ಲ. 2010ರಲ್ಲಿ ಉತ್ತರ ಅಮೆರಿಕೆಯಲ್ಲಿ, ಗಾಯದಿಂದ ಸ್ಥಿತಿ ಕೆಟ್ಟಿದ್ದ 3,656 ಮಂದಿಯ ದಾಖಲೆಗಳನ್ನು ಪರೀಕ್ಷಿಸಿದವರಿಗೆ ಆಂಬುಲೆನ್ಸಿನ ಕಾಲಾವಧಿಗೂ ರೋಗಿಗಳ ಮರಣಕ್ಕೂ ನಡುವೆ ಗಣನೀಯವಾದ ಸಂಬಂಧವೇ ಕಂಡುಬರಲಿಲ್ಲ. ಕಾಲವು ನಿರರ್ಥಕವೆಂದು ಇದರಿಂದ ಯಾರೂ ತೀರ್ಮಾನಿಸಬಾರದು. ಹೊಟ್ಟೆಯೊಳಗೋ ಎದೆಯೊಳಗೋ ರಕ್ತ ಸುರಿಯುತ್ತಿರುವವನಿಗೆ ಪ್ರತಿಯೊಂದು ನಿಮಿಷವೂ ಬೆಲೆಯುಳ್ಳದ್ದು. ಇದರಿಂದ ಸಿದ್ಧವಾಗುವುದು ಇಷ್ಟೇ: ಗಡಿಯಾರವೊಂದನ್ನೇ ನೋಡಿಕೊಂಡು ಓಡಿದುದರಿಂದ ಫಲ ತಾನಾಗಿಯೇ ಬರುವುದಿಲ್ಲ, ಆ ಕಾಲದೊಳಗೆ ಏನು ನಡೆಯಿತೆಂಬುದು ಮುಖ್ಯ. ನಮ್ಮ ಕಾಯಿದೆಯ ವ್ಯಾಖ್ಯೆಯನ್ನೇ ಗಮನವಿಟ್ಟು ನೋಡಿದರೆ, ಶೀಘ್ರವಾದ ವೈದ್ಯಕೀಯ ಆರೈಕೆಯನ್ನು ಒದಗಿಸುವುದರಿಂದ ಸಾವನ್ನು ತಪ್ಪಿಸಬಹುದಾದ ಅವಧಿಯೆಂದು ಅದು ಆ ಗಂಟೆಯನ್ನು ವರ್ಣಿಸುತ್ತದೆ. ಆರೈಕೆಯೆಂದು ಕಾಯಿದೆ ಹೇಳಿದುದನ್ನು ಓಟವೆಂದು ಓದಿಕೊಂಡವರು ನಾವು.

ಇನ್ನು ಪೆಟ್ಟಾದ ಮಿದುಳಿನಲ್ಲಿ ನಡೆಯುವುದೇನೆಂಬುದನ್ನು ನೋಡಬೇಕು. ಇಡೀ ವಿವಾದದ ಗಂಟು ಇಲ್ಲಿದೆ. ತಲೆಯು ಡಾಂಬರಿಗೆ ಅಪ್ಪಳಿಸಿದ ಕ್ಷಣದಲ್ಲಿ ಹರಿದುಹೋದ ನರತಂತುಗಳನ್ನೂ ಜಜ್ಜಿಹೋದ ಮಿದುಳಿನ ಭಾಗವನ್ನೂ ಲೋಕದ ಯಾವ ವೈದ್ಯನೂ ಮತ್ತೆ ಕೂಡಿಸಲಾರ. ಅದು ಪ್ರಥಮಾಘಾತ, ಅದರ ನಿವಾರಣೆ ಹೆಲ್ಮೆಟ್ಟಿನಲ್ಲಿದೆ, ರಸ್ತೆಯ ರಚನೆಯಲ್ಲಿದೆ, ವೇಗದ ಮಿತಿಯಲ್ಲಿದೆ, ಆಂಬುಲೆನ್ಸಿನಲ್ಲಿ ಇಲ್ಲ. ಆದರೆ ಆ ಪೆಟ್ಟಿನ ಸುತ್ತಮುತ್ತ, ಸತ್ತೂ ಇರದ ಬದುಕಿಯೂ ಇರದ, ಬದುಕಿಸಿಕೊಳ್ಳಬಹುದಾದ ಮಿದುಳಿನ ಭಾಗವೊಂದು ಉಳಿದಿರುತ್ತದೆ. ದೇಹದ ತೂಕದಲ್ಲಿ ಐವತ್ತರಲ್ಲೊಂದು ಭಾಗದಷ್ಟೇ ಇರುವ ಮಿದುಳು, ದೇಹವು ಬಳಸುವ ಆಮ್ಲಜನಕದಲ್ಲಿ ಐದರಲ್ಲೊಂದು ಪಾಲನ್ನು ಬೇಡತಕ್ಕದ್ದು. ಆ ಪಾಲನ್ನು ಕೂಡಿಡಲು ಅದಕ್ಕೆ ಉಗ್ರಾಣವಿಲ್ಲ. ಅದನ್ನು ಸುತ್ತುವರಿದ ಕಪಾಲವಾದರೋ ಹಿಗ್ಗಲಾರದ ಅಸ್ಥಿಕೋಶ. ಪೆಟ್ಟಿನಿಂದ ಮಿದುಳು ಊದಿಕೊಂಡಂತೆಲ್ಲ ಒಳಗಿನ ಒತ್ತಡ ಏರುತ್ತದೆ; ಏರಿದ ಆ ಒತ್ತಡವನ್ನು ಎದುರಿಸಿ ರಕ್ತವು ಒಳಹೋಗಬೇಕಾದರೆ ಹೃದಯದ ಕಡೆಯಿಂದ ಬರುವ ರಕ್ತದ ಒತ್ತಡ ಸಾಕಷ್ಟಿರಬೇಕು, ಮತ್ತು ಆ ರಕ್ತದಲ್ಲಿ ಪ್ರಾಣವಾಯು ತುಂಬಿರಬೇಕು. ಇವೆರಡರಲ್ಲಿ ಒಂದು ಕುಂದಿದರೂ ಬದುಕಬಹುದಾಗಿದ್ದ ಭಾಗವು ಸಾಯತೊಡಗುತ್ತದೆ. ಇದು ದ್ವಿತೀಯಾಘಾತ. ಇದು ಆರಂಭವಾಗುವುದು ರಸ್ತೆಯ ಬದಿಯಲ್ಲಿ. ಮುಂದುವರಿಯುವುದು ಆಟೋರಿಕ್ಷಾದ ಹಿಂದಿನ ಆಸನದ ಮೇಲೆ, ಕತ್ತು ಎದೆಗೆ ಬಾಗಿ, ನಾಲಗೆ ಹಿಂದಕ್ಕೆ ಬಿದ್ದು, ಶ್ವಾಸಮಾರ್ಗ ಮುಚ್ಚಿಕೊಂಡು ಗೊರಗೊರ ಸದ್ದು ಹೊರಡುತ್ತಿರುವಾಗ. ಬಳಿಯಲ್ಲಿ ಕುಳಿತವರು ಆ ಸದ್ದನ್ನು ಕೇಳಿ, “ಇನ್ನೂ ಉಸಿರಿದೆ, ಬೇಗ ಹೊಡೀರಿ” ಎನ್ನುತ್ತಾರೆ.

ಇದು ಊಹೆಯ ಮಾತಲ್ಲ. ಅಮೆರಿಕೆಯಲ್ಲಿ ತೀವ್ರವಾದ ಶಿರೋಘಾತಕ್ಕೆ ಒಳಗಾದ 717 ಮಂದಿಯ ವೃತ್ತಾಂತಗಳನ್ನು ಕಲೆಹಾಕಿ 1993ರಲ್ಲಿ ಪ್ರಕಟಿಸಿದ ಅಧ್ಯಯನವು, ಗಾಯವಾದಂದಿನಿಂದ ಪ್ರಾಥಮಿಕ ಚೇತರಿಕೆಯವರೆಗಿನ ಅವಧಿಯಲ್ಲಿ ರಕ್ತದ ಒತ್ತಡದ ಮೇಲಣ ಅಂಕಿ ಒಂದೇ ಒಂದು ಸಲ 90ಕ್ಕಿಂತ ಕೆಳಗಿಳಿದಿದ್ದರೂ ಮರಣದ ಪ್ರಮಾಣವು ಇಮ್ಮಡಿಗೂ ಮೀರಿದುದನ್ನು ತೋರಿಸಿತು. ಅನಂತರ ಅರಿಜೋನಾ ಪ್ರಾಂತದ ಸಂಶೋಧಕರು, ಆಂಬುಲೆನ್ಸಿನಲ್ಲಿಯೇ ಬರೆದಿಟ್ಟ ಅಂಕಿಗಳನ್ನು ಹಿಡಿದು, 13,000ಕ್ಕೂ ಮಿಕ್ಕ ಗಾಯಾಳುಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟಿಸಿದ ಫಲಿತಾಂಶವನ್ನು ಪ್ರತಿಯೊಬ್ಬ ಆರೋಗ್ಯಾಧಿಕಾರಿಯೂ ತನ್ನ ಮೇಜಿನ ಮೇಲೆ ಬರೆದಿಟ್ಟುಕೊಳ್ಳಬೇಕು. ದಾರಿಯಲ್ಲಿ ರಕ್ತದ ಒತ್ತಡವಾಗಲಿ ಆಮ್ಲಜನಕವಾಗಲಿ ಕುಂದದಿದ್ದವರಲ್ಲಿ ಸತ್ತವರು ಶೇಕಡಾ 5.6, ಒತ್ತಡ ಮಾತ್ರ ಕುಂದಿದವರಲ್ಲಿ 20.7, ಆಮ್ಲಜನಕ ಮಾತ್ರ ಕುಂದಿದವರಲ್ಲಿ 28.1, ಎರಡೂ ಕುಂದಿದವರಲ್ಲಿ 43.9. ಗಾಯದ ತೀವ್ರತೆ ಹೆಚ್ಚಿದ್ದವರಲ್ಲಿಯೇ ಇವು ಕುಂದುವುದು ಸಹಜವಲ್ಲವೆ ಎಂದು ವಿಮರ್ಶಕನು ಕೇಳಬಹುದು, ಕೇಳಲೂಬೇಕು. ಆ ಭೇದಗಳನ್ನು ಲೆಕ್ಕಕ್ಕೆ ತಂದು ಸರಿಹೊಂದಿಸಿದ ಮೇಲೆಯೂ ಅಂತರವು ಉಳಿದುಕೊಂಡಿತು. ಅದೇ ಸಂಶೋಧಕರು ಮತ್ತೊಂದನ್ನು ಕಂಡರು: 90 ಎಂಬುದು ಸುರಕ್ಷಿತವಾದ ಗೆರೆಯೇ ಅಲ್ಲ, 40ರಿಂದ 119ರವರೆಗೆ ಮೇಲಣ ಅಂಕಿ ಹತ್ತರಷ್ಟು ಏರಿದಂತೆಲ್ಲ ಸಾವಿನ ಸಂಭವವು ಸುಮಾರು ಐದರಲ್ಲೊಂದು ಪಾಲು ಇಳಿಯುತ್ತ ಹೋಯಿತು. ಈ ಕಾರಣದಿಂದಲೇ, ಬ್ರೇನ್ ಟ್ರಾಮಾ ಫೌಂಡೇಶನ್ನಿನವರು ಆಸ್ಪತ್ರೆಗೆ ಮುಂಚಿನ ಆರೈಕೆಯನ್ನು ಕುರಿತು 2023ರಲ್ಲಿ ಹೊರಡಿಸಿದ ಮೂರನೆಯ ಆವೃತ್ತಿಯ ಸೂಚನೆಗಳು, ವಯಸ್ಕನ ರಕ್ತದ ಒತ್ತಡವನ್ನು 110ಕ್ಕಿಂತ ಕೆಳಗಿಳಿಯಗೊಡಬಾರದೆಂದು ಹೇಳುತ್ತವೆ.

ಈ ಎರಡು ಶತ್ರುಗಳ ಜೊತೆಗೆ ಮೂರನೆಯದೊಂದಿದೆ. ಅದು ಮಿತ್ರನ ವೇಷದಲ್ಲಿ ಬರುವುದರಿಂದ ಹೆಚ್ಚು ಭಯಂಕರವಾದುದು. ಉಸಿರಾಟ ಕ್ಷೀಣಿಸಿದವನಿಗೆ ಮುಖವಾಡವಿಟ್ಟು ಅಂಬು ಬ್ಯಾಗನ್ನು ಒತ್ತಿ ಉಸಿರು ಕೊಡುವುದು ಸರಿಯಾದ ಕ್ರಮ. ಆದರೆ ಗಾಬರಿಗೊಂಡ ಕೈಯು ಕಮ್ಮಾರನು ತಿದಿಯೊತ್ತುವಂತೆ ಅದನ್ನು ಒತ್ತತೊಡಗುತ್ತದೆ. ಹೆಚ್ಚು ಗಾಳಿ ಹೋದಷ್ಟೂ ಒಳ್ಳೆಯದೆಂಬ ಭಾವನೆ. ಹಾಗೆ ಒತ್ತಿದಾಗ ರಕ್ತದಲ್ಲಿನ ಇಂಗಾಲಾಮ್ಲವು ಮಿತಿಮೀರಿ ಹೊರಹೋಗುತ್ತದೆ. ಅದು ಕುಂದಿದೊಡನೆ ಮಿದುಳಿನ ರಕ್ತನಾಳಗಳು ಸಂಕೋಚಗೊಳ್ಳುತ್ತವೆ. ಮೊದಲೇ ರಕ್ತಕ್ಕಾಗಿ ಹಾತೊರೆಯುತ್ತಿದ್ದ ಮಿದುಳಿಗೆ ಬರುತ್ತಿದ್ದ ಅಲ್ಪಸ್ವಲ್ಪ ರಕ್ತವೂ ಕಡಿಮೆಯಾಗುತ್ತದೆ. ವಯಸ್ಕನಿಗೆ ನಿಮಿಷಕ್ಕೆ ಹತ್ತು ಉಸಿರು, ಎಂದರೆ ಆರು ಸೆಕೆಂಡಿಗೊಮ್ಮೆ, ಎದೆ ಮೆಲ್ಲನೆ ಏಳುವಷ್ಟು ಮಾತ್ರ ಒತ್ತಿದರೆ ಸಾಕು. ಈ ಒಂದು ವಾಕ್ಯವನ್ನು ಕಲಿಸುವುದಕ್ಕೆ ವಿಶ್ವವಿದ್ಯಾನಿಲಯ ಬೇಕಿಲ್ಲ. ಕಲಿಸದೆ ಬಿಟ್ಟುದರಿಂದ ಆಗುವ ಹಾನಿಯನ್ನು ಯಾವ ವಿಶ್ವವಿದ್ಯಾನಿಲಯದ ಆಸ್ಪತ್ರೆಯೂ ಸರಿಪಡಿಸಲಾರದು.

ದಾರಿಯ ಆರೈಕೆಯಿಂದ ನಿಜವಾಗಿ ಜೀವ ಉಳಿದೀತೆ ಎಂಬ ಪ್ರಶ್ನೆಗೂ ಅರಿಜೋನಾವೇ ಉತ್ತರ ಕೊಟ್ಟಿದೆ. ಅಲ್ಲಿನ ನೂರಕ್ಕೂ ಮಿಕ್ಕ ಆಂಬುಲೆನ್ಸ್ ಸಂಸ್ಥೆಗಳ ಸಿಬ್ಬಂದಿಗೆ ಈ ಮೂರು ವಿಷಯಗಳನ್ನು, ಎಂದರೆ ಆಮ್ಲಜನಕ ಕುಂದದಂತೆ, ರಕ್ತದ ಒತ್ತಡ ಇಳಿಯದಂತೆ, ಉಸಿರು ಅತಿಯಾಗದಂತೆ ನೋಡಿಕೊಳ್ಳುವುದನ್ನು, ವ್ಯವಸ್ಥಿತವಾಗಿ ಕಲಿಸಲಾಯಿತು. ಕಲಿಕೆಗೆ ಮುಂಚಿನ ಮತ್ತು ಅನಂತರದ ಒಟ್ಟು 21,852 ಗಾಯಾಳುಗಳ ಗತಿಯನ್ನು ಹೋಲಿಸಿ 2019ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಎಲ್ಲ ಬಗೆಯ ಗಾಯಾಳುಗಳನ್ನೂ ಒಟ್ಟುಗೂಡಿಸಿದಾಗ ಹೇಳಿಕೊಳ್ಳತಕ್ಕ ಭೇದವೇನೂ ಕಾಣಲಿಲ್ಲವೆಂಬುದನ್ನು ಮುಚ್ಚಿಡಲಾಗದು; ಅಲ್ಪ ಗಾಯದವರು ಹೇಗೂ ಬದುಕುತ್ತಾರೆ, ಮಿದುಳು ಪೂರ್ಣವಾಗಿ ನುಚ್ಚುನೂರಾದವರು ಯಾವ ಆರೈಕೆಗೂ ನಿಲುಕುವುದಿಲ್ಲ. ಆದರೆ ಇವರಿಬ್ಬರ ನಡುವಣ ತೀವ್ರ ಗಾಯದವರಲ್ಲಿ ಬದುಕಿ ಉಳಿಯುವ ಸಂಭವವು ಇಮ್ಮಡಿಯಾಯಿತು. ಅವರಲ್ಲಿಯೂ ಶ್ವಾಸನಾಳಕ್ಕೆ ಕೊಳವೆ ಹಾಕಬೇಕಾಗಿ ಬಂದವರಲ್ಲಿ ಮುಮ್ಮಡಿಯಾಯಿತು. ಹೊಸ ಆಸ್ಪತ್ರೆಯನ್ನು ಕಟ್ಟಿಸಿ ಪಡೆದ ಫಲವಲ್ಲ ಇದು, ಹೊಸ ಔಷಧಿಯನ್ನು ಕಂಡುಹಿಡಿದು ಪಡೆದುದೂ ಅಲ್ಲ; ಇದ್ದ ಜನರಿಗೆ, ಇದ್ದ ವಾಹನಗಳಲ್ಲಿ, ಮಾಡಬೇಕಾದುದನ್ನು ಕಲಿಸಿ ಪಡೆದುದು. ವೇಗವನ್ನು ಹೆಚ್ಚಿಸಿ ಇಂತಹ ಫಲವನ್ನು ಪಡೆದವರು ಯಾರಾದರೂ ಇದ್ದರೆ ಎದುರುಪಕ್ಷದವರು ತೋರಿಸಲಿ.

ಎರಡನೆಯ ಆಧಾರವಾದ ಶಸ್ತ್ರವೈದ್ಯನ ವಿಷಯಕ್ಕೆ ಬರೋಣ. ರಿಚ್‌ಮಂಡಿನ ಅಧ್ಯಯನವನ್ನು ನಾನು ಅಲ್ಲಗಳೆಯುವುದಿಲ್ಲ. ಹೆಪ್ಪುಗಟ್ಟಿದ ರಕ್ತವನ್ನು ಬೇಗ ತೆಗೆಯತಕ್ಕದ್ದೆಂಬುದು ನಿರ್ವಿವಾದ. ಆದರೆ ತಲೆಗೆ ಪೆಟ್ಟಾದವರೆಲ್ಲರೂ ಶಸ್ತ್ರಕ್ಕೆ ಅರ್ಹರಾದವರಲ್ಲ. ಅವರಲ್ಲಿ ಬಹುಮಂದಿಗೆ ಬೇಕಾದುದು ಉಸಿರು, ಒತ್ತಡ, ಎಚ್ಚರಿಕೆಯ ಪಾಲನೆ. ಶಸ್ತ್ರಕ್ಕೆ ಅರ್ಹನಾದವನೂ ಮೇಜನ್ನು ಮುಟ್ಟುವವರೆಗೆ ಮಿದುಳನ್ನು ಉಳಿಸಿಕೊಂಡಿರಬೇಕಷ್ಟೆ? ಒಂದೂವರೆ ಗಂಟೆಯ ಕಾಲ ಸಾಕಷ್ಟು ಆಮ್ಲಜನಕವಿಲ್ಲದೆ ಬಂದವನ ಕಪಾಲವನ್ನು ತೆರೆದು ಹೆಪ್ಪನ್ನು ತೆಗೆದರೆ, ಅದರಡಿಯಲ್ಲಿ ಉಳಿಸಲು ಏನೂ ಉಳಿದಿರುವುದಿಲ್ಲ. ಇನ್ನೊಂದು ಮಾತೂ ಉಂಟು: ಶಸ್ತ್ರವೈದ್ಯನು ಬೇಕೆಂದು ಓಡುವ ನಾವು ಶಸ್ತ್ರವೈದ್ಯನಿರುವ ಕಡೆಗೆ ಓಡುತ್ತೇವೆಯೆ? ತಾಲ್ಲೂಕು ಆಸ್ಪತ್ರೆಯಲ್ಲಿ ಚೀಟಿ ಬರೆದು ಜಿಲ್ಲೆಗೆ ಕಳುಹಿಸುವುದು. ಜಿಲ್ಲೆಯಲ್ಲಿ “ಇಲ್ಲಿ ಆಗುವುದಿಲ್ಲ, ಮುಂದೆ ಒಯ್ಯಿರಿ” ಎಂದು ಬೆಂಗಳೂರಿಗೆ ಬರೆದುಕೊಡುವುದು. ಬೆಂಗಳೂರಿನಲ್ಲಿ ಹಾಸಿಗೆಯಿಲ್ಲದೆ ಮತ್ತೊಂದು ಬಾಗಿಲಿಗೆ ತಿರುಗುವುದು: ಇದು ನಮ್ಮ ರಾಜ್ಯದ ಸಾವಿರಾರು ಕುಟುಂಬಗಳ ಅನುಭವ. ಚಿತ್ರದುರ್ಗದಿಂದ ರಾಜಧಾನಿಗೆ ಇನ್ನೂರು ಕಿಲೋಮೀಟರು. ಆ ಇನ್ನೂರು ಕಿಲೋಮೀಟರುಗಳನ್ನು ವೇಗವಾಗಿ ದಾಟುವುದಕ್ಕಿಂತ, ಗಾಯಾಳುವಿನ ಪ್ರಜ್ಞೆಯ ಮಟ್ಟವನ್ನು ರಸ್ತೆಯಲ್ಲಿಯೇ ಅಳೆದು, ಸಿ.ಟಿ. ಸ್ಕ್ಯಾನೂ ನರಶಸ್ತ್ರವೈದ್ಯನೂ ಇರುವ ಹತ್ತಿರದ ಆಸ್ಪತ್ರೆ ಯಾವುದೆಂದು ದೂರವಾಣಿಯಲ್ಲಿ ವಿಚಾರಿಸಿ, ಮೊದಲ ಸಲಕ್ಕೇ ಅಲ್ಲಿಗೆ ಕರೆದೊಯ್ಯುವುದರಿಂದ ಉಳಿಯುವ ಕಾಲವೇ ಹೆಚ್ಚು. ಪ್ರಜ್ಞೆಯನ್ನು ಅಳೆಯುವ ಮಾನದಂಡವನ್ನು ಗ್ಲಾಸ್ಗೋದ ಟೀಸ್‌ಡೇಲ್ ಮತ್ತು ಜೆನೆಟ್ 1974ರಲ್ಲಿಯೇ ಲೋಕಕ್ಕೆ ಕೊಟ್ಟಿದ್ದಾರೆ. ಕಣ್ಣು ತೆರೆಯುವುದು, ಮಾತಾಡುವುದು, ಕೈಕಾಲು ಆಡಿಸುವುದು ಈ ಮೂರನ್ನು ನೋಡಿ ಮೂರರಿಂದ ಹದಿನೈದರವರೆಗೆ ಅಂಕ ಕೊಡುವ ಆ ಕ್ರಮಕ್ಕೆ ಯಂತ್ರ ಬೇಡ, ವಿದ್ಯುತ್ತು ಬೇಡ. ಅಂಕವು ಎಂಟಕ್ಕಿಂತ ಮೇಲಕ್ಕೇರದಿದ್ದರೆ ಗಾಯವು ತೀವ್ರವಾದುದು. ಅರ್ಧ ಗಂಟೆಗೆ ಹಿಂದೆ ಹದಿನಾಲ್ಕಿದ್ದುದು ಈಗ ಹತ್ತಾಗಿದೆಯೆಂಬ ಒಂದು ಸಾಲು ಶಸ್ತ್ರವೈದ್ಯನಿಗೆ ಎಷ್ಟು ಬೆಲೆಯುಳ್ಳದ್ದೆಂಬುದನ್ನು ಆತನನ್ನೇ ಕೇಳಿ ತಿಳಿಯಬೇಕು. ನಮ್ಮಲ್ಲಿ ಆ ಸಾಲನ್ನು ಬರೆದು ತರುವ ವಾಹನಗಳು ಬಲು ವಿರಳ.

ಇಲ್ಲಿ ಎದುರುಪಕ್ಷದ ಬುದ್ಧಿವಂತರು ಮತ್ತೊಂದು ಬಾಣವನ್ನು ಹೂಡುತ್ತಾರೆ. ದಾರಿಯಲ್ಲಿ ಚಿಕಿತ್ಸೆಗೆ ಕೈಹಾಕಿದುದರಿಂದಲೇ ರೋಗಿಗಳು ಸತ್ತುದುಂಟೆಂದು ಅವರು ಸ್ಯಾನ್ ಡೀಗೋದ ದೃಷ್ಟಾಂತವನ್ನು ತೋರಿಸುತ್ತಾರೆ. ದೃಷ್ಟಾಂತ ನಿಜವಾದುದೇ. ಅಲ್ಲಿ ಔಷಧಿ ಕೊಟ್ಟು ಸ್ನಾಯುಗಳನ್ನು ಸ್ತಂಭಿಸಿ ಶ್ವಾಸನಾಳಕ್ಕೆ ಕೊಳವೆ ಹಾಕಿದ 209 ಮಂದಿಯಲ್ಲಿ ಮೂರರಲ್ಲೊಂದು ಭಾಗ ಸತ್ತರು. ಹೋಲಿಕೆಗೆ ತೆಗೆದುಕೊಂಡ, ಹಾಗೆ ಮಾಡದವರ ಗುಂಪಿನಲ್ಲಿ ಸತ್ತವರು ನಾಲ್ಕರಲ್ಲೊಂದು ಭಾಗಕ್ಕಿಂತ ಕಡಿಮೆ. ಆದರೆ ಕಾರಣವನ್ನು ಶೋಧಿಸಿದಾಗ ಕಂಡುಬಂದುದೇನು? ಕೊಳವೆ ಹಾಕುವ ಹೊತ್ತಿನಲ್ಲಿ ಆಮ್ಲಜನಕವು ಕುಸಿದಿತ್ತು. ಹಾಕಿದ ಮೇಲೆ ಉಸಿರನ್ನು ಅತಿಯಾಗಿ ಒತ್ತಿದ್ದರು. ಮೇಲೆ ಹೇಳಿದ ಶತ್ರುಗಳೇ ಅಲ್ಲಿಯೂ ಕೆಲಸಮಾಡಿದ್ದುವು. ಆಸ್ಟ್ರೇಲಿಯಾದ ವಿಕ್ಟೋರಿಯಾ ಪ್ರಾಂತದಲ್ಲಿ ಚೆನ್ನಾಗಿ ತರಬೇತುಗೊಂಡ ಸಿಬ್ಬಂದಿ ಅದೇ ಕೆಲಸವನ್ನು ಮಾಡಿದಾಗ, 2010ರಲ್ಲಿ ಪ್ರಕಟವಾದ 312 ರೋಗಿಗಳ ಪರೀಕ್ಷೆಯಲ್ಲಿ, ಆರು ತಿಂಗಳ ಬಳಿಕ ಒಳ್ಳೆಯ ಸ್ಥಿತಿಯಲ್ಲಿದ್ದವರು ದಾರಿಯಲ್ಲಿಯೇ ಕೊಳವೆ ಹಾಕಿಸಿಕೊಂಡವರ ಗುಂಪಿನಲ್ಲಿ ಶೇಕಡಾ 51, ಆಸ್ಪತ್ರೆ ಮುಟ್ಟಿದ ಮೇಲೆ ಹಾಕಿಸಿಕೊಂಡವರ ಗುಂಪಿನಲ್ಲಿ 39. ಆದಕಾರಣ ಸ್ಯಾನ್ ಡೀಗೋ ಕಲಿಸುವ ಪಾಠವು ಚಿಕಿತ್ಸೆಯನ್ನು ಬಿಡೆಂದಲ್ಲ. ಬಾರದ ಆಡಂಬರಕ್ಕೆ ಹೋಗದೆ, ಬರುವ ಸರಳವಾದುದನ್ನು ಸರಿಯಾಗಿ ಮಾಡೆಂಬುದು. ನಮ್ಮ ರಾಜ್ಯದ ಆಂಬುಲೆನ್ಸುಗಳಲ್ಲಿ ಕೊಳವೆ ಹಾಕುವ ವಿದ್ಯೆ ಎಲ್ಲರಿಗೂ ಬರಬೇಕೆಂದು ನಾನು ಕೇಳುತ್ತಿಲ್ಲ. ದವಡೆಯನ್ನು ಮುಂದಕ್ಕೆತ್ತಿ ಶ್ವಾಸಮಾರ್ಗವನ್ನು ತೆರೆಯುವುದು, ಸಕ್ಷನ್ ಯಂತ್ರದಿಂದ ಬಾಯಿಯ ರಕ್ತವನ್ನೂ ವಾಂತಿಯನ್ನೂ ತೆಗೆಯುವುದು, ಆಮ್ಲಜನಕ ಕೊಡುವುದು, ನೆತ್ತಿಯ ಗಾಯವನ್ನು ಅದುಮಿ ಕಟ್ಟಿ ರಕ್ತಸ್ರಾವವನ್ನು ನಿಲ್ಲಿಸುವುದು, ಒತ್ತಡ ಇಳಿಯುತ್ತಿದ್ದರೆ ನಾರ್ಮಲ್ ಸಲೈನ್ ಕೊಡುವುದು: ಇಷ್ಟು.

ಔಷಧಿಯ ಮೋಹವನ್ನು ಕುರಿತೂ ಎರಡು ಮಾತು ಹೇಳಬೇಕು. ಏಕೆಂದರೆ ಓಟದ ಮೋಹದಷ್ಟೇ ಅದೂ ಪ್ರಬಲವಾದುದು. ದಶಕಗಳ ಕಾಲ ತಲೆಗೆ ಪೆಟ್ಟಾದವನಿಗೆ ಸ್ಟೆರಾಯ್ಡ್ ಚುಚ್ಚುವುದು ಲೋಕದೆಲ್ಲೆಡೆ ರೂಢಿಯಾಗಿತ್ತು. 2004ರಲ್ಲಿ 10,008 ಮಂದಿಯ ಮೇಲೆ ನಡೆದ ಪರೀಕ್ಷೆಯಲ್ಲಿ, ಸ್ಟೆರಾಯ್ಡ್ ಪಡೆದವರಲ್ಲಿ ಎರಡು ವಾರಗಳೊಳಗೆ ಶೇಕಡಾ 21.1ರಷ್ಟು ಮಂದಿ, ಪಡೆಯದವರಲ್ಲಿ 17.9ರಷ್ಟು ಮಂದಿ ಸತ್ತುದು ಬೆಳಕಿಗೆ ಬಂದು, ಒಳಿತೆಂದು ನಂಬಿದ್ದುದೇ ಕೇಡಾಗಿದ್ದಿತೆಂದು ಸಿದ್ಧವಾಯಿತು. ನಮ್ಮ ಊರುಗಳಲ್ಲಿ ಪೆಟ್ಟಾದವನಿಗೆ ಮೊದಲು “ಗ್ಲೂಕೋಸ್ ಹಾಕಿಸಿ” ಎನ್ನುವ ಬಂಧುಗಳೂ, ಅವರ ಸಮಾಧಾನಕ್ಕಾಗಿ ಹಾಕುವ ಚಿಕ್ಕ ಆಸ್ಪತ್ರೆಗಳೂ ಉಂಟು; ರಕ್ತದಲ್ಲಿ ಸಕ್ಕರೆ ಇಳಿದಿರದ ಗಾಯಾಳುವಿಗೆ ಆ ನೀರು ಮಿದುಳಿನ ಊತವನ್ನೇ ಹೆಚ್ಚಿಸತಕ್ಕದ್ದು. ಟ್ರಾನೆಕ್ಸಾಮಿಕ್ ಆಮ್ಲವನ್ನು ಮೂರು ಗಂಟೆಗಳೊಳಗೆ ಕೊಟ್ಟರೆ ಅಲ್ಪ ಮತ್ತು ಮಧ್ಯಮ ಗಾಯದವರಲ್ಲಿ ಪ್ರಯೋಜನವುಂಟೆಂದು 2019ರ ದೊಡ್ಡ ಪರೀಕ್ಷೆಯೊಂದು ಸೂಚಿಸಿದೆ, ಅದು ಸ್ವಾಗತಾರ್ಹ. ಆದರೆ ಶ್ವಾಸಮಾರ್ಗವನ್ನು ಮುಚ್ಚಿಕೊಳ್ಳಗೊಟ್ಟ ಮೇಲೆ ಯಾವ ಆಮ್ಲವನ್ನು ಚುಚ್ಚಿದರೂ ವ್ಯರ್ಥ.

ಉಳಿದದ್ದು ಬಡತನದ ವಾದ. ಇದನ್ನು ನಾನು ಗೌರವದಿಂದ ಕೇಳಿ, ದೃಢವಾಗಿ ನಿರಾಕರಿಸುತ್ತೇನೆ. 2008ರ ರಾಜ್ಯೋತ್ಸವದ ದಿವಸ ಆರಂಭವಾದ ‘ಆರೋಗ್ಯ ಕವಚ’ದ 108 ಸೇವೆ ಕರ್ನಾಟಕದ ಮೂಲೆಮೂಲೆಗೂ ತಲಪಿ ಅಸಂಖ್ಯ ಜೀವಗಳಿಗೆ ಆಸರೆಯಾಗಿದೆ, ಅದರ ಸಿಬ್ಬಂದಿ ನಿದ್ದೆಗೆಟ್ಟು ದುಡಿಯುವವರು. ವಾಹನಗಳಿವೆ, ಜನರಿದ್ದಾರೆ. ಕೊರತೆಯಿರುವುದು ಕಲಿಕೆಯ ನಿರಂತರತೆಯಲ್ಲಿ, ಸಲಕರಣೆಗಳ ಪಾಲನೆಯಲ್ಲಿ, ಮಾಡಿದುದನ್ನು ಬರೆದಿಡುವ ಶಿಸ್ತಿನಲ್ಲಿ. ಇನ್ನು ಆಸ್ಪತ್ರೆಗಳ ಬಾಗಿಲುಗಳಲ್ಲಿ ಬಾಡಿಗೆಗೆ ನಿಂತಿರುವ ಖಾಸಗಿ ಗಾಡಿಗಳಲ್ಲಿ ಎಷ್ಟೋ ಕಡೆ ಚಾಲಕನೊಬ್ಬನೇ. ಹಿಂದೆ ಒಂದು ಸ್ಟ್ರೆಚರು, ತುಂಬಿದೆಯೋ ಬರಿದಾಗಿದೆಯೋ ಯಾರೂ ಅರಿಯದ ಸಿಲಿಂಡರು. ಕೇಂದ್ರ ಸರ್ಕಾರವೇ ಎ.ಐ.ಎಸ್. 125 ಎಂಬ ನಿಯಮಾವಳಿಯಲ್ಲಿ ಆಂಬುಲೆನ್ಸುಗಳನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿ, ರೋಗಿಯನ್ನು ಸಾಗಿಸುವ ವಾಹನ ಬೇರೆ, ಜೀವರಕ್ಷಣೆಯ ಉಪಕರಣಗಳುಳ್ಳ ವಾಹನ ಬೇರೆ ಎಂದು ಸ್ಪಷ್ಟಪಡಿಸಿದೆ. ಪ್ರಜ್ಞೆ ತಪ್ಪಿದ ಗಾಯಾಳುವನ್ನು ಬರಿಯ ಸಾಗಣೆಯ ವಾಹನದಲ್ಲಿ ಮಲಗಿಸಿ ಜಿಲ್ಲೆಯಿಂದ ಜಿಲ್ಲೆಗೆ ಅಟ್ಟುವುದು ನಿಲ್ಲಬೇಕಾದರೆ ಹೊಸ ಕಾಯಿದೆ ಬೇಕಿಲ್ಲ. ಇರುವುದನ್ನು ಪಾಲಿಸಿದರೆ ಸಾಕು. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರು ಕೋವಿಡ್ ಕಾಲದಲ್ಲಿ ನಮ್ಮ ಹಳ್ಳಿಗಳ ಮನೆಮನೆಗೂ ಹೊಕ್ಕಿತು, ಬಿ.ಪಿ. ನೋಡುವ ಪಟ್ಟಿ ಪ್ರತಿಯೊಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೂ ಇದೆ. ಇಂತಹುವನ್ನು ಒದಗಿಸಲಾರದಷ್ಟು ಬಡವರಾಗಿ ನಾವು ಉಳಿದಿಲ್ಲ.

ಸಾರ್ವಜನಿಕರ ಪಾಲಿನ ಕರ್ತವ್ಯವೂ ಇದೆ. ಗಾಯಾಳುವನ್ನು ಎತ್ತಿದವನನ್ನು ಠಾಣೆಗೆ ಅಲೆಸುವ ಭಯವು ಹಿಂದೆ ನಿಜವಾಗಿದ್ದಿತು. 2016ರ ಮಾರ್ಚಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಪರೋಪಕಾರಿಗಳ ರಕ್ಷಣೆಯ ಸೂಚನೆಗಳಿಗೆ ಕಾನೂನಿನ ಬಲ ಕೊಟ್ಟ ಮೇಲೆ, ನಮ್ಮ ರಾಜ್ಯವು ಅದಕ್ಕಾಗಿ ಪ್ರತ್ಯೇಕ ಕಾಯಿದೆಯನ್ನೇ ಮಾಡಿದ ಮೇಲೆ, ಆ ಭಯಕ್ಕೆ ಆಸ್ಪದವಿಲ್ಲ. ಆದರೆ ನೆರವಾಗಬೇಕೆಂಬ ಮನಸ್ಸಿಗೆ ನೆರವಾಗುವ ಬಗೆಯೂ ತಿಳಿದಿರಬೇಕು. ಪ್ರಜ್ಞೆಯಿಲ್ಲದವನ ಬಾಯಿಗೆ ನೀರು ಹಾಕಬಾರದು. ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಫಿಟ್ಸ್ ಬಂದಾಗ ಕೈಗೆ ಬೀಗದಕೈ ತುರುಕುವುದರಿಂದ ಕಾಲ ಕಳೆಯುತ್ತದೆಯೇ ಹೊರತು ಫಲವಿಲ್ಲ. ಕೈಕಾಲು ಹಿಡಿದು ಎತ್ತಿ ಕೂಡಿಸಬಾರದು. ತಲೆ, ಕತ್ತು, ಮೈ ಒಂದೇ ನೇರದಲ್ಲಿರುವಂತೆ ನಾಲ್ಕು ಮಂದಿ ಕೂಡಿ ಹೊರಳಿಸಬೇಕು. ವಾಂತಿಯಾದರೆ ಹಾಗೆಯೇ ಮಗ್ಗುಲಿಗೆ ತಿರುಗಿಸಬೇಕು. ಬಾಯಿಂದ ಮದ್ಯದ ವಾಸನೆ ಬಂದ ಮಾತ್ರಕ್ಕೆ “ಕುಡಿದು ಬಿದ್ದಿದ್ದಾನೆ, ಇಳಿದರೆ ಸರಿಹೋಗುತ್ತಾನೆ” ಎಂದು ಬಿಟ್ಟುಹೋಗುವುದು ಮಹಾಪರಾಧ. ಕುಡಿದವನ ತಲೆಗೂ ಪೆಟ್ಟಾಗುತ್ತದೆ, ಪೆಟ್ಟಿನ ಮಂಪರನ್ನು ಅಮಲಿನ ಮಂಪರೆಂದು ಬಗೆದು ಕಳೆದುಕೊಂಡ ಜೀವಗಳಿಗೆ ಲೆಕ್ಕವಿಲ್ಲ. ಬಿದ್ದು ಎದ್ದು, ತನಗೇನೂ ಆಗಿಲ್ಲವೆಂದು ನಗುತ್ತ ಮನೆಗೆ ನಡೆದುಹೋದವನು, ಕೆಲವು ಗಂಟೆಗಳ ಮೇಲೆ ತಲೆನೋವೆಂದು ಮಲಗಿ ಏಳದೆ ಹೋಗಬಹುದು. ಕಪಾಲಕ್ಕೂ ಹೊದಿಕೆಗೂ ನಡುವೆ ರಕ್ತ ಸೇರುವ ಈ ಬಗೆಯ ಗಾಯದಲ್ಲಿ ನಡುವೆ ತಿಳಿವು ಮರಳುವುದು ವೈದ್ಯಶಾಸ್ತ್ರಕ್ಕೆ ಚಿರಪರಿಚಿತವಾದ ವಂಚನೆ. ಅವನನ್ನು “ಸುಮ್ಮನೆ ಮಲಗಲಿ ಬಿಡಿ” ಎನ್ನದೆ ಆಸ್ಪತ್ರೆಗೆ ತೋರಿಸತಕ್ಕದ್ದು.

ಆಳುವವರಿಗೆ ನನ್ನ ನಿವೇದನೆ ಇಷ್ಟು. ಇಂದು ಆಂಬುಲೆನ್ಸ್ ಸೇವೆಯ ಗುಣವನ್ನು ಕರೆ ಬಂದ ಎಷ್ಟು ನಿಮಿಷಗಳಲ್ಲಿ ವಾಹನ ಮುಟ್ಟಿತೆಂಬುದೊಂದರಿಂದಲೇ ಅಳೆಯುತ್ತೀರಿ; ಅಳೆದುದೇ ಬೆಳೆಯುತ್ತದೆ, ಅಳೆಯದುದು ಕೃಶವಾಗುತ್ತದೆ. ತಲೆಗೆ ಪೆಟ್ಟಾದ ಪ್ರತಿಯೊಬ್ಬ ಗಾಯಾಳುವಿನ ಆಮ್ಲಜನಕ, ರಕ್ತದ ಒತ್ತಡ, ಪ್ರಜ್ಞೆಯ ಅಂಕ ಇವನ್ನು ದಾರಿಯುದ್ದಕ್ಕೂ ಹಲವು ಸಲ ಬರೆದು, ಆ ಹಾಳೆಯನ್ನು ಆಸ್ಪತ್ರೆಯ ವೈದ್ಯನ ಕೈಗೆ ಕೊಟ್ಟು ಸಹಿ ಪಡೆಯುವುದನ್ನು ಕಡ್ಡಾಯ ಮಾಡಿರಿ. ತಾಲ್ಲೂಕಿನಿಂದ ಮುಂದಕ್ಕೆ ಕಳುಹಿಸುವ ವೈದ್ಯನು, ಗಾಯಾಳುವಿನ ಉಸಿರನ್ನೂ ಒತ್ತಡವನ್ನೂ ಸ್ತಿಮಿತಕ್ಕೆ ತಂದು, ಮುಂದಿನ ಆಸ್ಪತ್ರೆಯೊಡನೆ ಮಾತಾಡಿ, ಜೊತೆಗೆ ಬಲ್ಲವರೊಬ್ಬರನ್ನು ಕಳುಹಿಸಿಕೊಡದೆ ಚೀಟಿ ಬರೆಯಬಾರದೆಂದು ನಿಯಮ ಮಾಡಿರಿ. ಸಿಬ್ಬಂದಿಗೆ ವರ್ಷಕ್ಕೊಮ್ಮೆಯಾದರೂ ಕೈಯಾರೆ ಮಾಡಿಸಿ ಕಲಿಸಿರಿ. ಖಾಸಗಿ ಗಾಡಿಗಳ ಸಿಲಿಂಡರುಗಳನ್ನು ಪರೀಕ್ಷಿಸಿರಿ.

ವೇಗವು ಬೇಡವೆಂದು ನಾನು ಎಲ್ಲಿಯೂ ಹೇಳಿಲ್ಲ. ಉಸಿರಾಡುತ್ತಿರುವ, ಒತ್ತಡ ಉಳಿದಿರುವ ಗಾಯಾಳುವನ್ನು ಆದಷ್ಟು ಬೇಗ ತಕ್ಕ ಆಸ್ಪತ್ರೆಗೆ ಮುಟ್ಟಿಸಬೇಕು; ಉಸಿರು ನಿಂತಿರುವವನನ್ನು ಮೊದಲು ಉಸಿರಾಡಿಸಬೇಕು, ಆಮೇಲೆ ಗಾಡಿ ಹೊರಡಬೇಕು. ಪ್ರಥಮಾಘಾತಕ್ಕೆ ರಸ್ತೆಯೋ ವೇಗವೋ ಮದ್ಯವೋ ಕಾರಣವಾಗಿರಬಹುದು. ತಡೆಯುವ ಉಪಾಯ ತಿಳಿದಿದ್ದೂ, ಅದಕ್ಕೆ ಬೇಕಾದ ಸಲಕರಣೆ ಕೈಯಲ್ಲಿದ್ದೂ, ದಾರಿಯಲ್ಲಿ ಸಂಭವಿಸಗೊಟ್ಟ ದ್ವಿತೀಯಾಘಾತಕ್ಕೆ ಹೊಣೆ ಸರ್ಕಾರದ್ದು, ವೈದ್ಯವೃತ್ತಿಯದ್ದು, ನಮ್ಮೆಲ್ಲರದ್ದು.